ಕೊನೇ ರೈಡು

ಬಸರಾಳು ದಾಟಿದ್ರೆ ಸಿಗ್ನಲ್ ಸಾಯುತ್ತೆ.
ಅಲ್ಲೀತನಕ ಎರಡು ಪಾಯಿಂಟ್ ಹಿಂದೆ ನಾವು.
ನಾವು ಅಂದ್ರೆ ಗುತ್ತಲಿನ ಹುಡುಗರು;
ನಾನು ಬರೀ ಕಂಡಕ್ಟರು,
ಮೊಣಕಾಲು ಮುರ್ಕೊಂಡು ಅಂಕಣ ಬಿಟ್ಟು ಹದಿನೇಳು ವರ್ಷ.

ಏನಾಯ್ತ್ಲಾ ಅಂತಾನೆ ಡ್ರೈವರ್ ಜವರಣ್ಣ.
ಹೆಂಗೆ ಹೇಳಲಿ? ತುಟಿಯೊಳಗೇ
ಕಬಡ್ಡಿ ಕಬಡ್ಡಿ ಅಂತಿದೀನಿ ಒಂದೇ ಉಸಿರಲ್ಲಿ,
ಬಿಟ್ರೆ ಅಲ್ಲಿ ಕೆಂಪರಾಜು
ಗೆರೆ ಮುಟ್ಟದೇ ಹೋದಾನು.
ಮುದುಕಿಯೊಬ್ಬಳಿಗೆ ಸೊನ್ನೆ ಟಿಕೆಟ್ ಎರಡು ಸಲ ಹರಿದುಕೊಟ್ಟೆ.

ಹ್ಯಾಂಡ್‌ಪೋಸ್ಟ್ ಹತ್ರ ಜೇಬು ನಡುಗಿತು.
ಮಾತಿಲ್ಲ. ಸಿಳ್ಳೆ, ತಮಟೆ, ಯಾರೋ ಅಳೋದು.
ಗೆದ್ದೋರ ಅಳುವೋ ಸೋತೋರದೋ
ತಿಳಿಯೋದ್ರೊಳಗೆ ಕಟ್.

ಆಮೇಲೊಂದು ಮೆಸೇಜು:
ಫೈನಲ್ಲಿಗೆ ಕಣಣ್ಣೋ.

ವಿಷಲ್ ಊದ್ಬುಟ್ಟೆ.
ಯಾರೂ ಇಳಿಯದ ಕಡೆ, ಹೊಂಗೇಮರದ ಕೆಳಗೆ
ಬಸ್ಸು ನಿಂತಿತು.
ತೂಕಡಿಸುತ್ತಿದ್ದೋರೆಲ್ಲ ಎದ್ದು
ಯಾವೂರು, ಯಾವೂರು?
ಗುತ್ತಲು, ಅಂದೆ ಗಂಟಲು ಕಟ್ಟಿ.
ಅಯ್ಯೋ ಅದು ಹಿಂದೇನೇ ಹೋಯ್ತಲ್ಲಪ್ಪ ಅಂತ
ಮುದುಕಿ ಗಂಟು ತಡಕಿದಳು.

ಭಾನುವಾರ ಫೈನಲ್ಲು.
ರಜೆ ಅರ್ಜಿ ಮನಸ್ಸಲ್ಲೇ ಬರೀತಿದ್ದೆ,
ಗೇರು ಹಾಕ್ತಾ ಜವರಣ್ಣ ಅಂದ:
ಬ್ಯಾಡ ಕಣ್ಲಾ, ಡ್ಯೂಟಿಗೆ ಬಾ.
ನೀ ನೋಡ್ದೇ ಇದ್ದಾಗ್ಲೇ
ಅವು ಗೆಲ್ಲೋದು.