ಆದರ

ಯಾದಗಿರಿ ಸ್ಟೇಡಿಯಮ್ಮಿನ ಗೋಡೆಗೆ ಆನಿಸಿ ನಿಲ್ಲಿಸಿದ
ನಮ್ಮ ಚಾನೆಲ್ಲಿನ ಟೆಂಪೊ. ಎಸಿ ಮೊನ್ನೆಯೇ ಸತ್ತಿದೆ.
ಲ್ಯಾಪ್‌ಟಾಪಿನ ಕೆಳಗೆ ಒದ್ದೆ ಟವೆಲ್ಲು,
ಬಾಗಿಲು ಮುಚ್ಚದಂತೆ ಒಂದು ಶಹಾಬಾದಿ ಕಲ್ಲು,
ಗಾಳಿ ಬರಲೆಂದು. ಬರುವುದು ಧೂಳು.

ಕೋರ್ಟಿನಲ್ಲಿ ಈಗಷ್ಟೇ ಮುಗಿದಿದೆ:
ಮೂವತ್ತೊಂದು, ಮೂವತ್ತು.
ಭಾಲ್ಕಿಯ ಹುಡುಗಿಯರು ಕೂತಲ್ಲೇ ಕೂತಿದ್ದಾರೆ.
ಹತ್ತಿಕುಣಿಯ ಸಾಬಮ್ಮನನ್ನು ಹೊತ್ತು
ಗೆಳತಿಯರು ಮೈಕಿನ ಮುಂದೆ ಇಳಿಸಿದ್ದಾರೆ.

ಕಿವಿಯೊಳಗೆ ಇಮ್ತಿಯಾಜ್ ಭಾಯ್, ಕಲಬುರಗಿಯಿಂದ:
“ಜಗದೇವೀ, ಎಂಟು ಸೆಕೆಂಡ್. ಬಹುಮಾನ ಶುರು ಆಗೂದ್ರಾಗ ಬೇಕು.
ಎಂಟಂದ್ರ ಎಂಟೇ, ಒಂಬತ್ತಲ್ಲ.”

ಬಂದದ್ದು ಐವತ್ತೆರಡು.
ಅದರಲ್ಲಿ ಅರ್ಧ ಬರೀ ಉಸಿರು.

ಇಡೀ ಆಟ ಉಸಿರು ಹಿಡಿದು ಆಡಿದವಳು
ಮೈಕು ಕಂಡಾಕ್ಷಣ ಬಿಟ್ಟುಬಿಟ್ಟಿದ್ದಾಳೆ ಒಮ್ಮೆಲೆ,
ಗೂಟದ ಕರು ಬಿಚ್ಚಿದ ಹಾಗೆ.
ನನ್ನ ಕೆಲಸ ಸುಲಭ, ಉಸಿರಿದ್ದಲ್ಲಿ ಕತ್ತರಿ.
ಪರದೆಯ ಮೇಲೆ ಮಾತು ತುಂಬಿದ ಜೋಳದ ತೆನೆ,
ಉಸಿರು ಅದರ ಸುಂಕು. ಕೇರಿ ತೂರಿಬಿಡಬೇಕು.

“ಭಾಳ... ಭಾಳ ಖುಷಿ ಆಗ್ಯದ್ರಿ,
ಕೊನಿ ರೇಡ್ ನಾನೇ ಹೋಗ್ತೀನಿ ಅಂದಿದ್ದೆ,
ನಮ್ಮೂರ ಮಂದಿ ಎಲ್ಲಾ ಬಂದಾರ,
ಗೆದ್ದೀವಿ. ಆದರ...”

ಪುಸ್ತಕದಲ್ಲಿ ಆದರ ಎಂದರೆ ಗೌರವ.
ನಮ್ಮ ಕಡೆ ಬಾಯಲ್ಲಿ ಅದೊಂದು ಹೊಸ್ತಿಲು,
ಮಾತು ಅಲ್ಲಿ ನಿಂತು ಚಪ್ಪಲಿ ಬಿಡುತ್ತದೆ.
ಒಂಬತ್ತು ವರ್ಷದಲ್ಲಿ ಅದರ ಆಕಾರ ಗುರುತಾಗಿದೆ ನನಗೆ:
ಒಂದು ದಿನ್ನೆ, ತಗ್ಗು, ಇನ್ನೊಂದು ಸಣ್ಣ ದಿನ್ನೆ.
ಕೇಳದೆಯೂ ಕಾಣುತ್ತದೆ.
ಶಾಸಕರ ಆದರ, ಆಸ್ಪತ್ರೆಯ ಸಾಹೇಬರ ಆದರ,
ನೀರು ಬಿಟ್ಟೀವಿ ಎಂದ ಇಂಜಿನಿಯರಿನ ಆದರ,
ಎಲ್ಲವನ್ನೂ ಅದರ ಹಿಂದಿನ ಫ್ರೇಮಿಗೇ ಕತ್ತರಿಸಿದವಳು.
ಅವರ್ಯಾರೂ ಫೋನು ಮಾಡಿ ಕೇಳಿಲ್ಲ,
ನನ್ನ ಆದರ ಎಲ್ಲಿ ಹೋಯಿತೆಂದು.

ಇವತ್ತು ಯಾಕೋ ಹೆಡ್‌ಫೋನ್ ಒತ್ತಿಕೊಂಡೆ.

“ಆದರ ನನ್ನ ಬಲಗಾಲ ಹೆಬ್ಬಟ್ಟು
ಗೆರಿ ಹೊರಗ ಹೋಗಿತ್ರಿ.
ಸುಣ್ಣ ಅಳಿಸಿತ್ತು, ಅಂಪೈರ್ ಸರ್‌ಗ ಕಂಡಿಲ್ಲ.
ನನಗ ತಿಳದದ. ಆ ಪಾಯಿಂಟ್ ನಮ್ದಲ್ಲ.”

ಹದಿಮೂರು ಸೆಕೆಂಡು.
ಮೈಕು ಹಿಡಿದ ಮಲ್ಲಣ್ಣನಿಗೂ ಕೇಳಿಸಿಲ್ಲ,
ಚೀಟಿಯಲ್ಲಿ ಮುಂದಿನ ಪ್ರಶ್ನೆ ಹುಡುಕುತ್ತಿದ್ದ:
“ಮುಂದಿನ ಗುರಿ ಏನು?”

ವೇದಿಕೆಯ ಮೇಲೆ ಶಾಲುಗಳ ಮಡಿಕೆ ಬಿಚ್ಚುತ್ತಿದ್ದಾರೆ,
ಕಪ್ಪಿನ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ.
“ಭಾಯ್, ಹುಡುಗಿ ಬ್ಯಾರೆ ಏನೋ ಹೇಳ್ಯಾಳ.”
“ಎಂಟರಾಗ ಹೇಳ್ಯಾಳೇನು?”
“ಇಲ್ಲ.”
“ಮತ್ತ?”

ಎರಡರಲ್ಲಿ ಒಂದು “ಭಾಳ” ತೆಗೆದೆ.
“ಗೆದ್ದೀವಿ” ಆದ ಮೇಲೆ
ಅವಳ ತುಟಿ ಆ ಎನ್ನಲು ತೆರೆಯುವ ಮುಂಚೆ,
ಮೂರು ಫ್ರೇಮು ಮುಂಚೆ, ಕಟ್.
ಬೆಸುಗೆ ಕಾಣದಂತೆ ಮೇಲೊಂದು ಚಪ್ಪಾಳೆ ಹೊದಿಸಿದೆ,
ಮೊದಲರ್ಧದ ಚಪ್ಪಾಳೆ ಅದು, ಭಾಲ್ಕಿಗೆ ಬಿದ್ದದ್ದು.
ಏಳು ಸೆಕೆಂಡು ಇಪ್ಪತ್ತೆರಡು ಫ್ರೇಮು.
ಹೋಯಿತು.

ವೈರು ಸುತ್ತುವಾಗ ಬಾಗಿಲಿಗೆ ಬಂದಳು,
ಕೈಯಲ್ಲಿ ಮಿರ್ಚಿ ಕಟ್ಟಿದ ಕಾಗದ, ಕೊರಳಲ್ಲಿ ಪದಕ.
“ಅಕ್ಕಾ, ನಂದು ಟಿವ್ಯಾಗ ಬಂತೇನ್ರಿ?”
“ಬಂತವ್ವ.”
“ಪೂರಾ?”

ನಾನು ಸುಮ್ಮನಿದ್ದದ್ದು ಎಷ್ಟು ಹೊತ್ತೆಂದು ನನಗೆ ಗೊತ್ತು:
ಎರಡು ಸೆಕೆಂಡು, ಹನ್ನೊಂದು ಫ್ರೇಮು.
ಬೇರೆಯವರದಾಗಿದ್ದರೆ ತೆಗೆದುಬಿಡುತ್ತಿದ್ದೆ.

ಅವಳು ಕಾಗದ ಶಹಾಬಾದಿ ಕಲ್ಲಿನ ಮೇಲಿಟ್ಟು
“ತಿನ್ರಿ, ಆರ್ತಾವ” ಅಂದು ನಡೆದಳು, ಬರಿಗಾಲಲ್ಲಿ,
ಭಾಲ್ಕಿಯ ಬಸ್ಸು ಸ್ಟಾರ್ಟ್ ಆಗಿ ನಡುಗುತ್ತಿದ್ದ ಕಡೆಗೆ.

ಅಲ್ಲಿ ಮೈಕಿಲ್ಲ. ಟೆಂಪೊದ ಗಾಜಿನಿಂದ
ದನಿಯಿಲ್ಲದ ಚಿತ್ರ ಮಾತ್ರ.
ಕಿಟಕಿಗೊಂದು ತಲೆ, ಇಳಿದುಬಂದ ಒಬ್ಬಳು ಕ್ಯಾಪ್ಟನ್ನು,
ಬಸ್ಸಿನ ಬಾಗಿಲ ಸರಳು ಹಿಡಿದು
ಒಂಟಿಗಾಲಲ್ಲಿ ನಿಂತ ಸಾಬಮ್ಮ
ಬಲಗಾಲು ಮೇಲೆತ್ತಿ ಹೆಬ್ಬಟ್ಟು ತೋರಿಸುತ್ತಿದ್ದಳು.

ಎಷ್ಟು ಹೊತ್ತು ಮಾತಾಡಿದಳೋ,
ನಾನು ಲೆಕ್ಕ ಇಡಲಿಲ್ಲ.