ಹೆಬ್ಬೆರಳಿಗೆ ಒಂದು ತ್ರಿಕೋನ

ರೆಕ್ಸಮ್ಮಿನ ಈ ಬಾಟಲಿ ತುಂಬುವ ಕಾರ್ಖಾನೆಯಲ್ಲಿ ನನ್ನ ಕೆಲಸ
ಸ್ಕೇಲು ಹಿಡಿದು ಎಚ್ಚರಿಕೆಯ ಅಳತೆ ತೆಗೆಯುವುದು.
ಕೆಂಪು ಅಂಚಿನ ಚೌಕ, ಮೂಲೆಯ ಮೇಲೆ ನಿಂತದ್ದು, ಒಳಗೆ ಕಪ್ಪು ಚಿತ್ರ:
ನಳಿಗೆಯಿಂದ ತೊಟ್ಟಿಕ್ಕಿ ಅಂಗೈ ತಿನ್ನುವ ಆಸಿಡ್ಡು,
ಹೊಟ್ಟೆ ಮೇಲಾದ ಮೀನು, ಎಲೆಯಿಲ್ಲದ ಮರ.
ಕೆಂಪು ಕೂದಲೆಳೆಯಷ್ಟು ಸರಿದರೂ
ರೋಲು ಪೂರ್ತಿ ರದ್ದಿಗೆ.

ಎರಡೇ ಮಾತು ಗೊತ್ತು ಈ ಕಾನೂನಿಗೆ.
ಕಡಿಮೆ ಸುಡುವುದಕ್ಕೆ ವಾರ್ನಿಂಗ್, ಹೆಚ್ಚು ಸುಡುವುದಕ್ಕೆ ಡೇಂಜರ್.
ಎರಡನ್ನೂ ಒಂದೇ ಬಾಟಲಿಗೆ ಹಾಕುವಂತಿಲ್ಲ.
ಅಪಾಯ ಬಂದ ಮನೆಯಲ್ಲಿ ಎಚ್ಚರಿಕೆಗೆ ಜಾಗವಿಲ್ಲ ನೋಡಿ,
ಎಂದೆ ಊಟದ ಬಿಡುವಿನಲ್ಲಿ.
ಲೇಬಲ್ ಮೆಷಿನ್ನಿನ ಡೆಲ್ವಿನ್ ನಗಲಿಲ್ಲ,
ಸ್ಯಾಂಡ್‌ವಿಚ್ಚಿನ ಅಂಚು ಕಿತ್ತು ಪಕ್ಕಕ್ಕಿಟ್ಟ.

ಅಕ್ಷರಗಳೆಲ್ಲ ಮುಗಿದ ಮೇಲೆ
ಒಂದು ಉಬ್ಬು ತ್ರಿಕೋನ. ಬಣ್ಣವಿಲ್ಲ.
ಕಾಣದವರ ಬೆರಳಿಗೆ ಅದು.
ಅದನ್ನು ಮಾತ್ರ ಕಣ್ಣು ಮುಚ್ಚಿ ಪರೀಕ್ಷಿಸುತ್ತೇನೆ,
ರೊಟ್ಟಿ ಬೆಂದಿತೋ ಎಂದು ಒತ್ತಿ ನೋಡಿದ ಹಾಗೆ.

ಪಕ್ಕದ ಮನೆಯ ಗ್ಲೆನಿಸ್‌ಗೆ ಕಣ್ಣು ಹೋಗಿ ಹನ್ನೊಂದು ವರ್ಷ.
ಶನಿವಾರ ಬಂದಳು: ಕೆಟಲಿನ ತಳಕ್ಕೆ ಸುಣ್ಣ ಕಟ್ಟಿದೆ,
ವಿನಿಗರ್ ಇದೆಯಾ ಸುಗುಣಾ?
ಸಿಂಕಿನ ಕೆಳಗೆ, ಎಂದೆ. ಒಗ್ಗರಣೆ ಸೀಯುತ್ತಿತ್ತು.
ಹಿಂದೆ ಕಪಾಟಿನ ಬಾಗಿಲು ಕಿರ್ರೆಂದಿತು. ಅವಳ ಹೆಬ್ಬೆರಳು
ಒಂದೊಂದೇ ಬಾಟಲಿಯ ಹೆಗಲು ತಡವುತ್ತ
ತ್ರಿಕೋನ, ಇದಲ್ಲ. ತ್ರಿಕೋನ, ಇದೂ ಅಲ್ಲ.
ಆಮೇಲೊಂದು ನುಣುಪು.
ಇದೇ ಅಲ್ವಾ?

ತಿರುಗಿದೆ. ಕಿತ್ತಳೆ ಶರಬತ್ತಿನ ಬಾಟಲಿ.
ಕ್ಯಾನಿನಲ್ಲಿ ಮಿಕ್ಕಿದ್ದು ಯಾಕೆ ಚೆಲ್ಲಬೇಕೆಂದು
ಮೋರಿ ಬಿಡಿಸುವ ದ್ರವವನ್ನು ನಾನೇ ಅದಕ್ಕೆ ಬಗ್ಗಿಸಿಟ್ಟಿದ್ದೆ,
ನನಗೆ ಗೊತ್ತಿದೆಯಲ್ಲ ಎಂದು.
ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ.

ಮುಚ್ಚಳ ಅರ್ಧ ತಿರುಗಿತ್ತು.
ನನ್ನ ಬಾಯಿಂದ ಹೊರಟದ್ದು ಡೇಂಜರೂ ಅಲ್ಲ, ವಾರ್ನಿಂಗೂ ಅಲ್ಲ,
ಗದಗಿನ ಓಣಿಯಿಂದ ನೇರ ಬಂದ ಒಂದು
ಅಯ್ಯ ಬ್ಯಾಡ!
ಆ ಮಾತು ಅವಳಿಗೆ ಗೊತ್ತಿಲ್ಲ.
ಕೈ ನಿಂತಿತು.

ಬೈದಳು, ನ್ಯಾಯವಾಗಿಯೇ. ವಿನಿಗರ್ ಒಯ್ದಳು.

ಸೋಮವಾರ ಕೌನ್ಸಿಲ್ಲಿನ ಕಸದ ಕೇಂದ್ರದಲ್ಲಿ
ಹಳದಿ ಕೋಟಿನ ಹುಡುಗ ಬಾಟಲಿ ಎತ್ತಿ ನೋಡಿ
ಮಾರ್ಕರ್ ಕೊಟ್ಟ: ಒಳಗೇನಿದೆ, ಬರೀರಿ.
ಕಿತ್ತಳೆ ಹಣ್ಣಿನ ಹೊಳಪಿನ ಮೇಲೆ ಬರೆಯತೊಡಗಿದೆ,
ಸ್ಕೇಲಿಲ್ಲ, ಅಳತೆಯಿಲ್ಲ, ಗೆರೆ ಸೊಟ್ಟ.
ಮಸಿ ಜಾರುತ್ತಿತ್ತು.
ಒಣಗುವ ತನಕ ಊದುತ್ತ ನಿಂತೆ.
ಹಿಂದೆ ಮೂರು ಕಾರು.