ಹನ್ನೊಂದನೇ ಹಾಸಿಗೆ

ಬಾರ್ನ್‌ಸ್ಲಿ ಊರಿನ ಆಸ್ಪತ್ರೆ, ರಾತ್ರಿಪಾಳಿಯ ಮೂರನೇ ವಾರ.
ಅಷ್ಟರಲ್ಲಿ ಕಲಿತದ್ದು ಇಷ್ಟು:
ಪಾಸಿಟಿವ್ ಅಂದರೆ ಕೆಟ್ಟ ಸುದ್ದಿ,
'ಒಂಚೂರು ಚುರುಕ್ ಅನ್ನಬಹುದು' ಅಂದರೆ
ಮಂಚದ ಕಂಬಿ ಗಟ್ಟಿಯಾಗಿ ಹಿಡಿದುಕೋ.

ಬೆಳಗಿನ ಜಾವ ನಾಲ್ಕೂಕಾಲು.
ಟೀ ಕುಡಿದು ಬಂದವಳಿಗೆ ಸಿಸ್ಟರ್ ಡೆನೀಸ್
ದನಿ ತಗ್ಗಿಸಿ ಅಂದಳು:
"ಹೆಪ್‌ವರ್ತ್‌ರನ್ನು ಕಳೆದುಕೊಂಡೆವು."

ನಾನು ಹುಡುಕಲು ಓಡಿದೆ.

ನಗಬೇಡಿ. ಆ ಮುದುಕ ತಪ್ಪಿಸಿಕೊಳ್ಳುವುದರಲ್ಲಿ ನಿಸ್ಸೀಮ.
ಮೊನ್ನೆ ಚಾಕಲೇಟ್ ಮಷೀನಿನ ಮುಂದೆ,
ನಿನ್ನೆ ಲಿಫ್ಟಿನ ಬಾಗಿಲಲ್ಲಿ ನಿಂತು
ಗಣಿಗೆ ಇಳಿಸುವ ಪಂಜರ ಯಾಕಿನ್ನೂ ಬರಲಿಲ್ಲ ಎಂದು
ನನ್ನನ್ನೇ ಗದರಿದ್ದ.
ಅಲ್ಲದೆ, ಕಳೆದುಕೊಳ್ಳುವವರು ಮನೆಯವರು.
ಆಸ್ಪತ್ರೆ ಕಳೆದುಕೊಂಡಿತು ಅಂದರೆ
ಯಾರೋ ಬಾಗಿಲು ಹಾಕಿಲ್ಲ ಅಂತ ತಾನೇ?

ಲಾಂಡ್ರಿಯಲ್ಲಿ ನೋಡಿದೆ. ಎಕ್ಸ್‌ರೇ ಕೋಣೆಯ ಹಿಂದೆ ನೋಡಿದೆ.
ಹೊರಗೆ ಮಂಜಿನಲ್ಲಿ, ಸಿಗರೇಟಿನವರ ಬೆಂಚಿನ ಹತ್ತಿರ
ಹೆಸರು ಹಿಡಿದು ಕೂಗಿದೆ ಕೂಡ.
ತಿರುಗಿ ಬಂದಾಗ ಹನ್ನೊಂದರ ಸುತ್ತ ಪರದೆ.
ಅದರಡಿ ಕಾಣುತ್ತಿದ್ದವು ಚಪ್ಪಲಿ,
ಎಡಗಾಲಿನದು ಬಲಕ್ಕೆ, ಬಲಗಾಲಿನದು ಎಡಕ್ಕೆ.

ಡೆನೀಸ್ ಬೈಯಲಿಲ್ಲ. "ಸತ್ತರು, ಲವ್," ಅಂದಳು.
ಲವ್ ಅನ್ನುವುದು ಇಲ್ಲಿ
ಚಿಲ್ಲರೆ ಕೊಡುವಾಗ ಮೀನಿನಂಗಡಿಯವನೂ ಅನ್ನುವ ಮಾತು.
ಆದರೂ.

ನಮ್ಮಲ್ಲೂ ಹಾಗೇ ಬಿಡಿ.
ಬಳೆ ಒಡೆದರೆ ಅಮ್ಮ 'ಹೆಚ್ಚಿತು' ಅನ್ನುತ್ತಿದ್ದಳು.
ದೀಪ ಆರಿಸು ಅನ್ನದೆ 'ದೊಡ್ಡದು ಮಾಡು' ಅನ್ನುತ್ತಿದ್ದಳು.
ಹೊರಗಿನವರು ಕೇಳಿದ್ದರೆ ಬತ್ತಿ ಏರಿಸುತ್ತಿದ್ದರು.

ಮಗಳಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು.
ಡಾಂಕಾಸ್ಟರಿನಲ್ಲಿ ಎಲ್ಲೋ ಫೋನು ಹೊಡೆದುಕೊಂಡಿತು, ಎತ್ತಿದಳು.
ಆಗಷ್ಟೇ ಕಲಿತ ನೇರ ಮಾತು
ಬೈಗುಳದಂತೆ ಕೇಳೀತೆಂದು ಗಂಟಲಲ್ಲೇ ನಿಂತಿತು.
ನಾನೂ ಅಂದೆ: "ನಿಮ್ಮ ತಂದೆಯನ್ನು ಕಳೆದುಕೊಂಡೆವು."

"ಮತ್ತೇನಾ?" ನಿದ್ದೆ ಮೆತ್ತಿದ ನಗು.
"ಆ ಚಾಕಲೇಟ್ ಮಷೀನಿನ ಹತ್ತಿರ ನೋಡಿ."

ಮಷೀನು ನನ್ನ ಎದುರಿಗೇ ಇತ್ತು, ಗುಂಯ್‌ಗುಡುತ್ತ.
"ಇಲ್ಲ," ಅಂದೆ. "ಸತ್ತುಹೋದರು. ನಾಲ್ಕು ಗಂಟೆಗೆ."

ಬಹಳ ಹೊತ್ತು ಏನೂ ಇಲ್ಲ.
ಆಮೇಲೆ ಅವಳೆಂದಳು: "ರೈಟ್."

ಸರಿ ಎಂದಲ್ಲ. ಬಲಗಡೆ ಎಂದಲ್ಲ.
ಕೊನೆಯ ಸ್ಟಾಪಿಗೆ ಒಂದು ಮೊದಲು
ಒಬ್ಬರನ್ನು ಇಳಿಸಿ, ತಗಡು ಬಡಿದು
ನಮ್ಮ ಕಂಡಕ್ಟರು ಕೂಗುವ ರೈಟ್ ಇರಬಹುದು.
ಗೊತ್ತಿಲ್ಲ. ಕೇಳುವ ಮಾತೂ ಅಲ್ಲ.
ಅವಳು ಇಡುವ ತನಕ
ರಿಸೀವರ್ ಹಿಡಿದು ನಿಂತೇ ಇದ್ದೆ.